ಮುರಿಯಲೆಂದೇ ಮಾಡಿದ ಬಿಲ್ಲು

ದಿಲ್ಲಿಯ ಟ್ಯಾಗೋರ್ ಗಾರ್ಡನ್ ಮೆಟ್ರೋ ಇಳಿದು ತಿತಾರ್‌ಪುರದ ಕಡೆ ನಡೆದರೆ ಮೊದಲು ಎದುರಾಗುವುದು ತಲೆಗಳು. ರಾವಣನವು. ಫುಟ್‌ಪಾತ್ ಮೇಲೆ ಸಾಲಾಗಿ ಒಣಗುತ್ತಿವೆ. ಕಣ್ಣು ಬರೆದಿಲ್ಲ, ಮೀಸೆ ಅಂಟಿಸಿಲ್ಲ. ಪಕ್ಕದಲ್ಲಿ ಬಿದಿರಿನ ಎದೆಗೂಡುಗಳು. ಮೈದಾ ಅಂಟಿನ ಹುಳಿ ವಾಸನೆ ಗಂಟಲಿಗೇ ಇಳಿಯುತ್ತದೆ.

ನಾನು ಬಂದಿರುವುದು ಬಿಲ್ಲಿಗೆ. ನಮ್ಮ ಕಾಲೊನಿಯ ರಾಮಲೀಲಾಗೆ ಎರಡು ಬೇಕು: ಬಾಣ ಹೂಡಲು ಒಂದು, ಸೀತಾ ಸ್ವಯಂವರದಲ್ಲಿ ಮುರಿಯಲು ಇನ್ನೊಂದು. ಮಂಡಳಿಗೆ ನಾನೊಬ್ಬನೇ ಕನ್ನಡದವನು, ಡೈಲಾಗ್ ಕೊಡುವಷ್ಟು ನನ್ನ ಹಿಂದಿಯನ್ನು ಯಾರೂ ನಂಬುವುದಿಲ್ಲ. ಹಾಗಾಗಿ ಸಾಮಾನು ತರುವ ಕೆಲಸ ನನ್ನದು.

ಬಿಲ್ಲು ಮಾಡುವ ಚಾಚಾ ಕುಕ್ಕರಗಾಲಲ್ಲಿ ಕೂತು ಬಿದಿರಿನ ಮೇಲೆ ಬೆರಳ ಗಿಣ್ಣಿನಿಂದ ಬಡಿಯುತ್ತಾರೆ. ಒಂದನ್ನು ಬದಿಗೆಸೆಯುತ್ತಾರೆ. "ಹಸಿ. ಬಗ್ಗಿಸಿದರೆ ಬಗ್ಗಿಯೇ ಉಳಿಯುತ್ತೆ." ಇನ್ನೊಂದರ ತುದಿಗೆ ಮಚ್ಚಿಟ್ಟು ಇಟ್ಟಿಗೆಯಿಂದ ಒಂದೇಟು. ಚರ್ ಎಂದು ಬಿದಿರು ತಾನಾಗಿಯೇ ಸೀಳಿಕೊಂಡು ಹೋಗುತ್ತದೆ, ಪ್ರತಿ ಗಿಣ್ಣಿನಲ್ಲೂ ಒಂದು ಕ್ಷಣ ತಡೆದು.

ಹೊರಗಿನ ನುಣುಪು ಸಿಪ್ಪೆಗೆ ಅವರು ಮಚ್ಚು ತಾಗಿಸುವುದೇ ಇಲ್ಲ. ಬಿಲ್ಲು ಬಾಗಿದಾಗ ಹಿಗ್ಗುವುದು ಹೊರಮೈ. ಬಿದಿರಿನ ಬಲವಾದ ನಾರು ಒತ್ತಾಗಿರುವುದೂ ಅಲ್ಲೇ. ಅದನ್ನು ಹೆರೆದರೆ ಸಿಬಿರೆದ್ದು ಮುಖಕ್ಕೇ ಸಿಡಿಯುತ್ತದೆ. ಹೆರೆಯುವುದೇನಿದ್ದರೂ ಒಳಗಿನ ಬಿಳಿ ತಿರುಳು. ದಬ್ಬೆಯನ್ನು ಮೊಣಕಾಲಿಗೆ ಕೊಟ್ಟು ಬಗ್ಗಿಸಿ, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಎಡಗಡೆ ಬಿಗಿ. ಎರಡು ಸಲ ಹೆರೆದು ಮತ್ತೆ ಬಗ್ಗಿಸುತ್ತಾರೆ. ಈಗ ಬಲ ಬಿಗಿ. ಹೀಗೆ ಏಳೆಂಟು ಸಲ, ಎರಡು ರೆಕ್ಕೆಗಳೂ ಒಂದೇ ಹದಕ್ಕೆ ಬರುವ ತನಕ. ಕೊನೆಗೆ ತುದಿಗಳಲ್ಲಿ ಕಚ್ಚು ಹಾಕಿ, ಮೇಣ ತಿಕ್ಕಿದ ಹುರಿಯ ಹೆದೆಯೇರಿಸಿ ಮೀಟಿದರೆ ಟಂ!

ಇದನ್ನು ಆಟಿಕೆ ಎನ್ನಲು ನನಗೆ ಮನಸ್ಸು ಬರದು. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ, ಇದೇ ದಿಲ್ಲಿಯಲ್ಲಿ, ಎರಡು ಚಿನ್ನ ಗೆದ್ದ ದೀಪಿಕಾ ಕುಮಾರಿ ಕೈ ಪಳಗಿಸಿಕೊಂಡದ್ದು ಮನೆಯಲ್ಲೇ ಮಾಡಿದ ಬಿದಿರಿನ ಬಿಲ್ಲಿನಲ್ಲಿ.

ಚಾಚಾಗೆ ಬೆವರು ಬರುವುದು ಎರಡನೆಯ ಬಿಲ್ಲಿಗೆ.

ವಾಲ್ಮೀಕಿಯಲ್ಲಿ ಶಿವಧನುಸ್ಸನ್ನು ಎಂಟು ಗಾಲಿಯ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಐದು ಸಾವಿರ ಜನ ಎಳೆದು ತರುತ್ತಾರೆ. ದಿಲ್ಲಿಯ ರಾಮಲೀಲಾ ನಡೆಯುವುದು ತುಳಸೀದಾಸರ ಲೆಕ್ಕದಲ್ಲಿ: ಹತ್ತು ಸಾವಿರ ರಾಜರು ಒಟ್ಟಿಗೆ ಕೈಹಾಕಿದರೂ ಅದು ಅಲುಗುವುದಿಲ್ಲ. ಚಾಚಾ ಕೈಯಲ್ಲಿರುವುದೋ ಕಾಲು ಕಿಲೋ ತೂಗಿದರೆ ಹೆಚ್ಚು. ಎರಡು ಟೊಳ್ಳು ತುಂಡು, ನಡುವೆ ತೂರಿಸಿದ ಬೆರಳುದ್ದದ ಒಣ ಜೊಂಡುಕಡ್ಡಿ, ಮೇಲೆ ಗಾಳಿಪಟದ ಕಾಗದ, ಅದರ ಮೇಲೆ ಚಿನ್ನದ ಬೇಗಡೆ. ಹೆದೆ ಸಡಿಲ, ಬಿಗಿದರೆ ಈಗಲೇ ಮುರಿದೀತು.

"ಹೋದ ವರ್ಷದ್ದು ಬೇಗ ಮುರೀತು ಚಾಚಾ," ಅನ್ನುತ್ತೇನೆ. ನಮ್ಮ ರಾವಣ ಜಿಮ್ಮಿಗೆ ಹೋಗುವ ಹುಡುಗ. ಎತ್ತಲಾಗದವನಂತೆ ತಿಣುಕುವ ಭರದಲ್ಲಿ ಲಟಕ್ಕನೆ ಮುರಿದೇಬಿಟ್ಟ. ರಾಮ ಇನ್ನೂ ಪರದೆ ಹಿಂದೆ ಚಹಾ ಕುಡಿಯುತ್ತಿದ್ದ. ಜನಕನ ಪಾತ್ರದ ಬ್ಯಾಂಕ್ ಮ್ಯಾನೇಜರು ಸೀತೆಯ ಮುಖ ನೋಡಿದರು, ಸೀತೆ ನನ್ನ ಮುಖ ನೋಡಿದಳು.

ಚಾಚಾ ನಗುವುದಿಲ್ಲ. ಬೆಸುಗೆಯ ಮೇಲೆ ಇನ್ನೊಂದು ಸುತ್ತು ಕಾಗದ ಅಂಟಿಸಿ, ಹೆಬ್ಬೆರಳಲ್ಲಿ ಸವರಿ, ಮೂರನೆಯ ಸುತ್ತಿಗೆ ಕೈಹಾಕಿದವರು ಬೇಡವೆಂದು ಬಿಡುತ್ತಾರೆ. "ರಾಜರೆಲ್ಲ ನಡುವೆಯೇ ಎರಡೂ ಕೈಯಿಂದ ಮುಚ್ಚಿ ಹಿಡೀಬೇಕು ಬಾಬೂಜಿ. ತುದಿ ಹಿಡಿಯೋ ಹಕ್ಕು ರಾಮನೊಬ್ಬನಿಗೇ. ಮುರಿಯುವ ಸದ್ದಿಗೆ ಪಟಾಕಿ ಹೊಡೆಯೋನಿಗೆ ಹೇಳಿ, ರಾಮನ ಕೈ ನೋಡಬೇಡ, ಮೊಣಕಾಲು ನೋಡು ಅಂತ."

ಮೆಟ್ರೋ ಬಾಗಿಲಲ್ಲಿ ತಪಾಸಣೆಯ ಜವಾನ ಕಟ್ಟು ಬಿಚ್ಚಿಸುತ್ತಾನೆ. ಮೊದಲ ಬಿಲ್ಲನ್ನು ಮೀಟಿ ಹುಬ್ಬು ಹಾರಿಸುತ್ತಾನೆ. ಆಮೇಲೆ ಚಿನ್ನದ ಬಿಲ್ಲಿನ ಎರಡೂ ತುದಿಗೆ ಕೈಹಾಕುತ್ತಾನೆ.

"ಭೈಯಾ, ನಡುವೆ! ನಡುವೆ ಹಿಡೀರಿ!"

ಅವನು ಬೆಚ್ಚಿ ಕೈ ಸರಿಸುತ್ತಾನೆ, ಬೆರಳಿಗೆ ಬೆಸುಗೆ ಸಿಗುತ್ತದೆ, ಅರ್ಥವಾಗುತ್ತದೆ. ಕೂಸನ್ನು ಮಲಗಿಸುವಂತೆ ಅದನ್ನು ಎಕ್ಸ್‌ರೇ ಯಂತ್ರದ ಬೆಲ್ಟಿನ ಮೇಲಿಟ್ಟು ತಾನೇ ಪರದೆಯತ್ತ ಬಗ್ಗುತ್ತಾನೆ, ನಾನೂ ಬಗ್ಗುತ್ತೇನೆ. ತೆಳು ಕಿತ್ತಳೆ ಬಣ್ಣದ ಬಿಲ್ಲು ಸರಿದು ಬರುತ್ತದೆ, ನಡುವೆ ಅರ್ಧ ಇಂಚಿನಷ್ಟು ಬೆಳಕು, ಬೆಳಕಿನ ಮಧ್ಯೆ ಒಂದು ಕಡ್ಡಿಯ ಗೆರೆ.