ಗುಡ್ಡದೂರಿನಿಂದ ಕಡಲ ಕಲ್ಲಿಗೆ

ನೀವು ಗುಳೇದಗುಡ್ಡದವರಾದರೆ ಕಲ್ಲು ನಿಮಗೆ ಹೊಸದಲ್ಲ. ಹೊರಗೆ ಕಣ್ಣೆತ್ತಿದರೆ ಕೆಂಪು ಗುಡ್ಡ, ಒಳಗೆ ಖಣದ ಮಗ್ಗದ ಸದ್ದು. ಕಡಲು ಮಾತ್ರ ಕ್ಯಾಲೆಂಡರಿನ ಚಿತ್ರ! ಡಿಸೆಂಬರ್ ರಜೆಯಲ್ಲಿ ಹುಬ್ಬಳ್ಳಿ, ಅಂಕೋಲಾ ದಾರಿಯಾಗಿ ಉಡುಪಿಯ ಮಲ್ಪೆಗೆ ಹೋಗಿ ಬನ್ನಿ.

ಅಲ್ಲಿಂದ ದೋಣಿಯಲ್ಲಿ ಸುಮಾರು 6 ಕಿ.ಮೀ. ಹೋದರೆ ಸೇಂಟ್ ಮೇರೀಸ್ ದ್ವೀಪಗಳು. ಮುಖ್ಯವಾದವು ನಾಲ್ಕು. ಜಾಹೀರಾತು ನೋಡಿ ದಿನಕ್ಕೊಂದು ದ್ವೀಪ ಸುತ್ತುವ ಆಸೆ ಬೇಡ. ಪ್ರವಾಸಿಗರು ಇಳಿಯುವುದು ತೆಂಗಿನ ದ್ವೀಪದಲ್ಲಿ, ರಾತ್ರಿ ತಂಗುವಂತಿಲ್ಲ. ಆದರೆ ಆ ಒಂದೇ ಸಾಕು. ಕಾಲಡಿ ರಾಶಿ ಚಿಪ್ಪು, ಎದುರಿಗೆ ಕೆತ್ತಿ ನಿಲ್ಲಿಸಿದಂತಹ ಮೂಲೆಮೂಲೆಯ ಕಂಬಗಳು. ಕೆತ್ತಿದವರು ಯಾರೂ ಇಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಉಕ್ಕಿದ ಲಾವಾ ತಣಿದು, ಕುಗ್ಗಿ, ಬಿರುಕು ಬಿಟ್ಟು ಹೀಗಾಯಿತು. ನಮ್ಮ ಗುಡ್ಡದ ಮರಳುಗಲ್ಲು ಇದಕ್ಕಿಂತಲೂ ಎಷ್ಟೋ ಹಳೆಯದು ಎಂದು ಮಕ್ಕಳಿಗೆ ಹೇಳಿ, ಹಿಗ್ಗುತ್ತಾರೆ.

ಆದರೆ ಅವರ ಕೈ ಬಿಡಬೇಡಿ. ಪಾಚಿಗಟ್ಟಿದ ಕಲ್ಲು ಜಾರುತ್ತದೆ. 2022ರ ಏಪ್ರಿಲ್‌ನಲ್ಲಿ ಕೇರಳದ ಮೂವರು ವಿದ್ಯಾರ್ಥಿಗಳು ಇಲ್ಲೇ ನೀರುಪಾಲಾದರು. ಫೋಟೋಗಾಗಿ ಅಂಚಿಗೆ ಹೋಗುವ ಹಟ ಯಾರಿಗೂ ಬೇಡ. ದೋಣಿ ಹತ್ತಿಳಿಯುವಾಗ ಬುರ್ಖಾದ ಅಂಚನ್ನು ತುಸು ಎತ್ತಿ ಹಿಡಿಯಿರಿ, ಕಾಲಿಗೆ ತೊಡರುತ್ತದೆ. ಮಳೆಗಾಲದಲ್ಲಿ ದೋಣಿಗಳೇ ಇರುವುದಿಲ್ಲ.

ಇನ್ನೊಂದು ಮಾತು. ಅಮ್ಮನನ್ನೋ ಅತ್ತೆಯನ್ನೋ 'ಮನೆ ನೋಡಿಕೊಳ್ಳಲಿ' ಎಂದು ಬಿಟ್ಟು ಹೋಗಬೇಡಿ. ಮಂಡಿಯಲ್ಲಿ ಶಕ್ತಿ ಇರುವಾಗಲೇ ಕರೆದೊಯ್ಯಿರಿ. ವರ್ಷಗಟ್ಟಲೆ ಕಂಡಿಕೆ ಸುತ್ತಿದ ಕೈ ಒಮ್ಮೆ ಉಪ್ಪುನೀರು ಮುಟ್ಟಲಿ.