ಚಿಗರಿ ಎಣಿಸಿದ ಬೇಸಿಗೆ

ರಾಣೆಬೆನ್ನೂರಿನಿಂದ ಐದೂವರೆಗೆ ಹೊರಟ ಟಂಟಂ ಹುಣಸೀಕಟ್ಟಿಯ ದಾರಿಯಲ್ಲಿ ನಮ್ಮನ್ನು ಇಳಿಸಿದಾಗ ಸೂರ್ಯ ಇನ್ನೂ ನೀಲಗಿರಿ ಮರಗಳ ಹಿಂದೆಯೇ ಇದ್ದ. ಅಕ್ಕನ ಮಗಳು ಕೊರಳಿಗೆ ದುರ್ಬೀನು ಹಾಕಿಕೊಂಡು, ಕೈಯಲ್ಲಿ ದಿಕ್ಸೂಚಿ ಹಿಡಿದು, “ಮಾಮಾ, ಇಲ್ಲಿಂದ ಮಾತು ಬಂದ್” ಎಂದಳು. ಧಾರವಾಡದಲ್ಲಿ ಎಂ.ಎಸ್ಸಿ. ಓದುವ ಅವಳು, ಜೊತೆಗೊಬ್ಬಳು ಗೆಳತಿ, ಇಬ್ಬರೂ ಒಂದು ಪರಿಸರ ಸಂಸ್ಥೆಯಲ್ಲಿ ಎಂಟು ವಾರಗಳ ಬೇಸಿಗೆ ಇಂಟರ್ನ್‌ಶಿಪ್ ಮಾಡುತ್ತಿದ್ದರು. ಮೂರು ದಿನ ಅವರ ಬೆನ್ನುಹತ್ತಿ ತಿರುಗುವ ಭಾಗ್ಯ ನನ್ನ ಪಾಲಿಗೆ ಬಂದಿತ್ತು.

ಕೆಲಸ ಕೇಳಲು ಸರಳ. ನಕಾಶೆಯ ಮೇಲೆ ಮೊದಲೇ ಎಳೆದಿಟ್ಟ ನೇರ ಗೆರೆಯ ಗುಂಟ ನಡೆಯಬೇಕು. ಪ್ರಾಣಿ ಕಂಡಲ್ಲಿ ನಿಂತು ಎಷ್ಟಿವೆ, ಎಷ್ಟು ದೂರ, ಯಾವ ಕೋನ ಎಂದು ಬರೆದುಕೊಳ್ಳಬೇಕು. ಎಡಕ್ಕೆ ಮುಳ್ಳಿದೆ ಎಂದು ಬಲಕ್ಕೆ ಸುತ್ತುಹಾಕುವಂತಿಲ್ಲ. ನನ್ನ ಪಂಚೆಯನ್ನು ಜಾಲಿ ಎರಡು ಕಡೆ ಹರಿಯಿತು. ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ಗೆಳತಿ ಮೆಲ್ಲಗೆ ಕೈ ಎತ್ತಿದಳು.

ಮರಗಳ ಸಾಲು ಮುಗಿದು ಹುಲ್ಲು ಶುರುವಾಗುವ ಅಂಚಿನಲ್ಲಿ ಹದಿನಾರು ಚಿಗರಿ, ಅಂದರೆ ಕೃಷ್ಣಮೃಗ. ಹದಿನೈದು ಹೆಣ್ಣು ಮತ್ತು ಮರಿ, ಒಣಹುಲ್ಲಿನದೇ ಬಣ್ಣ; ನಡುವೆ ಒಂದು ಗಂಡು, ಬೆನ್ನು ಕಾಡಿಗೆಯಂತೆ, ಹೊಟ್ಟೆ ಹಾಲಿನಂತೆ, ತಿರುಚಿ ತಿರುಚಿ ಮೇಲೇರಿದ ಕೊಂಬು. ನಮ್ಮ ವಾಸನೆ ಬಡಿಯಿತೇನೋ, ಒಂದು ನೆಗೆಯಿತು. ಅದರ ಹಿಂದೆ ಇನ್ನೊಂದು. ಬಳಿಕ ಇಡೀ ಹಿಂಡು ನೆಲದಿಂದ ಪುಟಿದೆದ್ದು ಗಾಳಿಯಲ್ಲಿ ನಿಂತಂತೆ ಕಂಡಿತು. ಹುಬ್ಬಳ್ಳಿ–ಧಾರವಾಡ ನಡುವೆ ಓಡುವ ಬಸ್ಸಿಗೆ ಚಿಗರಿ ಎಂದೇ ಹೆಸರು. ವರ್ಷಗಟ್ಟಲೆ ಅದರಲ್ಲಿ ಓಡಾಡಿದವನು ನಾನು. ಆ ಹೆಸರಿನ ಅರ್ಥ ನನಗೆ ಆಗಿದ್ದು ಅಂದು ಬೆಳಿಗ್ಗೆ.

ನಾವು ನಡೆದ ರಾಣೆಬೆನ್ನೂರಿನ ಈ ಅಭಯಾರಣ್ಯ ಘೋಷಣೆಯಾಗಿದ್ದು 1974ರಲ್ಲಿ, ವಿಸ್ತಾರ 119 ಚದರ ಕಿ.ಮೀ. ಬೋರ್ಡಿನ ಮೇಲೆ ಕೃಷ್ಣಮೃಗದ ಹೆಸರಿದ್ದರೂ ಬಹುಭಾಗ ಆಕ್ರಮಿಸಿದ್ದು ನೀಲಗಿರಿ ನೆಡುತೋಪು. ಚಿಗರಿಯದು ಬಯಲಿನ ಬದುಕು: ದೂರಕ್ಕೆ ಕಣ್ಣು ಹಾಯಬೇಕು, ತೋಳ ಬಂದರೆ ಗಂಟೆಗೆ 80 ಕಿ.ಮೀ. ವೇಗದಲ್ಲಿ ಓಡಬೇಕು. ಸಾಲುಮರಗಳ ನಡುವೆ ಅದಕ್ಕೆ ಕಣ್ಣೂ ಇಲ್ಲ, ಕಾಲೂ ಇಲ್ಲ. ಹುಲ್ಲುಗಾವಲನ್ನು ಬಂಜರು ಎಂದು ಬರೆದುಕೊಂಡವರು ಮಾಡಿದ ತಪ್ಪು ಇದು ಎಂದೇ ನನ್ನ ನಂಬಿಕೆ.

ಆ ತಪ್ಪಿನ ಬೆಲೆ ಹುಡುಗಿಯರ ನೋಟ್‌ಬುಕ್ಕಿನಲ್ಲಿತ್ತು. ಹುಡುಕಬೇಕಾದ ಪ್ರಾಣಿ–ಪಕ್ಷಿಗಳ ಪಟ್ಟಿಯ ಮೊದಲ ಹೆಸರು ಎರೆಭೂತ. ಸುಮಾರು ಒಂದು ಮೀಟರ್ ಎತ್ತರ ನಿಲ್ಲುವ, ಹದಿನೈದು ಕಿಲೋವರೆಗೂ ತೂಗುವ ಆ ಹಕ್ಕಿ ಒಂದು ಕಾಲಕ್ಕೆ ಇಲ್ಲಿಯದೇ. ಈಗ ಕರ್ನಾಟಕದಲ್ಲಿ ಎರೆಭೂತವನ್ನು ನೋಡಬೇಕೆಂದರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಹೋಗಬೇಕು. ಅಲ್ಲಿಯೂ ಉಳಿದದ್ದು ಬೆರಳೆಣಿಕೆ. ಅಕ್ಕನ ಮಗಳು ಆ ಸಾಲಿನ ಮುಂದೆ ದಿನವೂ ಸೊನ್ನೆ ಬರೆಯುತ್ತಾಳೆ. ಖಾಲಿ ಬಿಟ್ಟರೆ ಏನಾಯಿತು ಎಂದೆ. “ಖಾಲಿ ಅಂದ್ರ ನೋಡಿಲ್ಲ ಅಂತ ಅರ್ಥ, ಮಾಮಾ. ಸೊನ್ನಿ ಅಂದ್ರ ನೋಡೇವಿ, ಇಲ್ಲ ಅಂತ.”

ಮರುದಿನ ಬ್ಯಾಡಗಿ. ರೈಲಿನಿಂದ ಇಳಿದೊಡನೆ ಗಂಟಲು ಹಿಡಿಯಿತು. ಸುಗ್ಗಿ ಇಳಿದಿದ್ದರೂ ಮೆಣಸಿನಕಾಯಿ ಮಾರುಕಟ್ಟೆಯ ಕಡೆಯ ಗಾಳಿಯೇ ಕೆಂಪು. ಕಡ್ಡಿ, ಡಬ್ಬಿ ಎಂದು ಎರಡು ಬಗೆ. ಸುಕ್ಕು ಸಿಪ್ಪೆ, ಖಾರ ಕಡಿಮೆ, ಬಣ್ಣ ಅಪಾರ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕ ಈ ಕಾಯಿಯಿಂದ ತೆಗೆದ ಬಣ್ಣ ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ಹುಡುಗಿಯರು ಬಂದದ್ದು ಮಾತ್ರ ಬೆಳೆಹಾನಿಯ ಫಾರಮ್ಮು ಹಿಡಿದು ರೈತರನ್ನು ಕಾಣಲು. ಚೀಲದ ಮೇಲೆ ಕುಳಿತಿದ್ದ ಒಬ್ಬ ಅಜ್ಜಿ ಹೇಳಿದಳು: “ಗ್ವಾಂಜಾಳ ಗೇಣುದ್ದ ಬಂದಾಗ ನೋಡ್ರವ್ವಾ ಚಿಗರಿ ಕಾಟ. ರಾತ್ರಿ ಬಂದು ಸುಳಿ ಹರಕೊಂಡು ಹೊಕ್ಕಾವು. ಹಂಗಂತ ಕೊಲ್ಲೂದು ಹ್ಯಾಂಗ?” ಮೊದಲ ಮಾತಿಗೆ ಫಾರಮ್ಮಿನಲ್ಲಿ ಜಾಗವಿತ್ತು, ಕೊನೆಯ ಮಾತಿಗೆ ಇರಲಿಲ್ಲ. ಅದನ್ನು ಗೆಳತಿ ಅಂಚಿನಲ್ಲಿ ಬರೆದಳು.

ಮೂರನೆಯ ದಿನ ಹಾವೇರಿಯಲ್ಲಿ ಬಸ್ಸು ಬದಲಿಸಿ ಹಾನಗಲ್ ತಾಲ್ಲೂಕಿನ ಕುಸನೂರಿಗೆ ಹೋದೆವು. ನೀಲಗಿರಿಯ ವಿರುದ್ಧ ಜನ ಎದ್ದ ಊರು ಅದು. ಅಮೆರಿಕದಿಂದ ಮರಳಿ 1979ರಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಲ್ಲಿ ಗ್ರಾಮ ಕೆಲಸ ಶುರು ಮಾಡಿದ ಎಸ್.ಆರ್. ಹಿರೇಮಠ ದಂಪತಿ ಮುಂದೆ ಸಮಾಜ ಪರಿವರ್ತನ ಸಮುದಾಯದ ಮೂಲಕ ಹೋರಾಟಕ್ಕಿಳಿದರು. ಸರ್ಕಾರ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್‌ಗೆ ನಾಲ್ಕು ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್ ಭೂಮಿಯನ್ನು ನೀಲಗಿರಿಗಾಗಿ ಕೊಡಲು ಹೊರಟಾಗ ದನಕ್ಕೆ ಮೇವು, ಒಲೆಗೆ ಕಟ್ಟಿಗೆ ಕೊಡುತ್ತಿದ್ದ ಗಾಯರಾಣವೇ ಜನರ ಕೈತಪ್ಪುವಂತಾಯಿತು. ಶಿವರಾಮ ಕಾರಂತರೂ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಸಸಿ ಹಚ್ಚಿದರು. ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ ಅದು. ಕೊನೆಗೆ ಆ ಕಂಪನಿಯನ್ನೇ ಮುಚ್ಚಬೇಕಾಯಿತು. ನಾವು ನಿಂತ ನೆಲದಲ್ಲಿ ಗುರುತಿನ ಕಲ್ಲೇನೂ ನನ್ನ ಕಣ್ಣಿಗೆ ಬೀಳಲಿಲ್ಲ. ಎಮ್ಮೆಗಳು ಮೇಯುತ್ತಿದ್ದವು. ಹುಡುಗಿಯರು ನೋಟ್‌ಬುಕ್ಕು ತೆರೆದು ಅಲ್ಲಿನ ಗಿಡಗಳ ಹೆಸರು ಬರೆಯತೊಡಗಿದರು. ದಾರಿಹೋಕ ಮುದುಕರೊಬ್ಬರು ತಪ್ಪು ತಿದ್ದುತ್ತಾ ಒಂದು ತಾಸು ಜೊತೆಗೇ ನಿಂತರು.

ಏಪ್ರಿಲ್–ಮೇ ರಜೆಯಲ್ಲಿ ಮಕ್ಕಳನ್ನು ಎಲ್ಲಿಗೆ ಕಳಿಸುವುದೆಂದು ಯೋಚಿಸುವ ತಂದೆತಾಯಂದಿರಲ್ಲಿ, ಕಾಲೇಜಿನ ಮೇಷ್ಟರಲ್ಲಿ ನನ್ನದೊಂದು ವಿನಂತಿ. ಬಿಸಿಲಿಗೆ ಹೆದರಬೇಡಿ. ತಲೆಗೊಂದು ಟವೆಲ್, ಎರಡು ಲೀಟರ್ ನೀರು, ಒಂದು ನೋಟ್‌ಬುಕ್ಕು ಕೊಟ್ಟು ಈ ಬಯಲಿಗೆ ಕಳಿಸಿ. ಮುಂಗಾರು ಬೀಳುವ ಮೊದಲು ಎಣಿಸಬೇಕಾದ್ದು ಇನ್ನೂ ಬಹಳ ಇದೆ.