ಕೋರಮಂಗಲದ ಹೊಸ ವ್ಯಾಪಾರ

ಬೆಂಗಳೂರಿನ ಆಗ್ನೇಯ ದಿಕ್ಕಿನಲ್ಲಿರುವ ಕೋರಮಂಗಲವು ನೂತನ ಉದ್ಯಮಗಳ ತವರೆಂದು ಪ್ರಸಿದ್ಧವಾಗಿರುವುದು. ೨೦೦೭ರಲ್ಲಿ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಎಂಬ ಇಬ್ಬರು ತರುಣರು ಇಲ್ಲಿಯ ವಾಸದ ಮನೆಯೊಂದರಲ್ಲಿ ಫ್ಲಿಪ್‌ಕಾರ್ಟ್ ಎಂಬ ಅಂತರ್ಜಾಲದ ಅಂಗಡಿಯನ್ನು ತೆರೆದು, ಮೊದಲು ಪುಸ್ತಕಗಳನ್ನು ಮಾರಿದರು. ೨೦೧೮ರಲ್ಲಿ ಅಮೆರಿಕೆಯ ವಾಲ್‌ಮಾರ್ಟ್ ಸಂಸ್ಥೆಯವರು ಸುಮಾರು ೧೬೦೦ ಕೋಟಿ ಡಾಲರುಗಳನ್ನಿತ್ತು ಅದರಲ್ಲಿ ನೂರಕ್ಕೆ ೭೭ ಪಾಲನ್ನು ಕೊಂಡರು.

ಈ ಬೀದಿಗಳನ್ನು ನಮಗೆ ತೋರಿಸಿದವನು ನಮ್ಮ ಹಳೆಯ ಶಿಷ್ಯನೊಬ್ಬ; ಈಗ ಪ್ರಾಜೆಕ್ಟ್ ಮ್ಯಾನೇಜರನಾಗಿ, ಕೆಲಸಗಳಿಗೆ ಗಡುವು ಗೊತ್ತುಮಾಡತಕ್ಕವನು. “ಇದೆಲ್ಲ ಯಂತ್ರದ ಮಹಿಮೆಯಲ್ಲವೇ?” ಎಂದೆವು.

“ಯಂತ್ರವೊಂದರಿಂದಲೇ ಅಲ್ಲ, ಮೇಷ್ಟ್ರೇ. ಕಾಣದ ಅಂಗಡಿಗೆ ಮುಂಗಡ ಹಣ ಕೊಡಲು ಗೃಹಸ್ಥರು ಅಂಜುತ್ತಿದ್ದರು. ೨೦೧೦ರಲ್ಲಿ, ನಿಮ್ಮ ವಿ.ಪಿ. ಅಂಚೆಯಂತೆಯೇ, ಸಾಮಾನು ಕೈಸೇರಿದ ಮೇಲೆ ಹಣವೆಂಬ ಏರ್ಪಾಡಾಯಿತು, ನಂಬಿಕೆ ಬೆಳೆಯಿತು. ಯಂತ್ರವು ಬೇಡಿಕೆಯನ್ನು ಕ್ಷಣದಲ್ಲಿ ಮುಟ್ಟಿಸೀತು. ಗಂಟು ಹೊತ್ತು ಮೆಟ್ಟಿಲೇರುವವನು ಮನುಷ್ಯನೇ. ಗಡುವು ಬರೆಯುವ ನಾವು ಅವನ ಕಾಲುಗಳನ್ನು ಮರೆಯಬಾರದು” ಎಂದನು.

ವಾಚಕರೇ, ಈ ವಿವೇಕವು ನಮಗೂ ಸಲ್ಲತಕ್ಕದ್ದು. ಬೇಗ ಬರಲೆಂದು ಅವಸರಪಡಿಸುವವರು ಗೃಹಸ್ಥರಾದ ನಾವೇ ಅಲ್ಲವೇ? ಬಿಸಿಲಿನಲ್ಲಿ ಬಾಗಿಲಿಗೆ ಬಂದವನು ಅಭ್ಯಾಗತನು. ಅವನಿಗೊಂದು ಲೋಟ ನೀರು ಕೊಟ್ಟ ಮೇಲೆ ಗಂಟನ್ನು ಬಿಚ್ಚೋಣ.